ಥೈರಾಯ್ಡ್‌ಗೆ ಡಬ್ಬಿ ಮಾತ್ರೆಯ ಆಸರೆ ಬೇಕೇ?

‘ನನಗೂ ಥೈರಾಯ್ಡ್ ಬಂದಿದೆ ಕಣ್ರೀ...’

ಸಂಜೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ನಾಲ್ಕೈದು ಗೃಹಿಣಿಯರು ಕೂತರೆ ಅವರಲ್ಲಿ ಒಬ್ಬರಾದರೂ ಈ ಮಾತು ಹೇಳಿಯೇ ಹೇಳುತ್ತಾರೆ. ಹಾಗೆ ನೋಡಿದರೆ ಥೈರಾಯ್ಡ್ ಎಂಬುದು ಕಾಯಿಲೆಯ ಹೆಸರೇ ಅಲ್ಲ. ಕತ್ತಿನ ಮುಂಭಾಗದಲ್ಲಿ ಚಿಟ್ಟೆಯೊಂದು ರೆಕ್ಕೆ ಬಿಚ್ಚಿ ಕುಳಿತಂತೆ ಇರುವ ಪುಟ್ಟ ಗ್ರಂಥಿ ಅದು. ಹುಟ್ಟುವಾಗಲೇ ಎಲ್ಲರಿಗೂ ಬಂದಿರುತ್ತದೆ! ಅದು ಸೋಮಾರಿಯಾದಾಗ ಆಗುವ ತೊಂದರೆಗೆ ನಾವು ಗ್ರಂಥಿಯ ಹೆಸರನ್ನೇ ಇಟ್ಟುಬಿಟ್ಟಿದ್ದೇವೆ ಅಷ್ಟೆ. ಬೆಂಗಳೂರೂ ಸೇರಿದಂತೆ ದೇಶದ ಎಂಟು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಸುಮಾರು 11 ಮಂದಿಗೆ ಈ ಸೋಮಾರಿ ಥೈರಾಯ್ಡ್, ಅಂದರೆ ಹೈಪೋಥೈರಾಯ್ಡಿಸಂ ಇತ್ತು. ಗಂಡಸರಿಗಿಂತ ಹೆಂಗಸರಲ್ಲೇ ಇದು ಬಹಳ ಹೆಚ್ಚು.

ರಿಪೋರ್ಟ್ ಕೈಗೆ ಬಂದ ದಿನದಿಂದಲೇ ಸಲಹೆಗಳ ಸುರಿಮಳೆ ಶುರು. ಮೇಲಿನ ಮನೆಯವರು ಕೋಸು ಬಿಡಿ ಅನ್ನುತ್ತಾರೆ. ಓರಗಿತ್ತಿ ಫೋನ್ ಮಾಡಿ ‘ಇಂಗ್ಲಿಷ್ ಮಾತ್ರೆ ಒಮ್ಮೆ ಶುರು ಮಾಡಿದ್ರೆ ಜೀವನಪೂರ್ತಿ ನುಂಗಬೇಕು, ಹುಷಾರು’ ಎಂದು ಹೆದರಿಸುತ್ತಾಳೆ. ಇನ್ನೊಬ್ಬರು ‘ಥೈರಾಯ್ಡ್ ಸಪೋರ್ಟ್’ ಎಂದು ಬರೆದಿರುವ ಡಬ್ಬಿಯನ್ನೇ ತಂದು ಕೈಗಿಡುತ್ತಾರೆ. ‘ಪೂರ್ತಿ ನ್ಯಾಚುರಲ್ಲು, ಸೈಡ್ ಎಫೆಕ್ಟೇ ಇಲ್ಲ’ ಎಂಬ ಭರವಸೆ ಬೇರೆ. ದಿನಕ್ಕೆ ಎರಡು ಮೂರು ರೂಪಾಯಿಯೂ ದಾಟದ ಡಾಕ್ಟರ ಮಾತ್ರೆಯ ಬಗ್ಗೆ ನೂರು ಅನುಮಾನ ಪಡುವ ನಾವು, ಅದರ ಹತ್ತಾರು ಪಟ್ಟು ಬೆಲೆಯ ಡಬ್ಬಿಯನ್ನು ಮಾತ್ರ ಕಣ್ಣುಮುಚ್ಚಿ ನಂಬುತ್ತೇವೆ. ಯಾಕೆ ಹೀಗೆ ಅಂತ ನನಗಂತೂ ಅರ್ಥವಾಗುವುದಿಲ್ಲ.

ಆ ಡಬ್ಬಿಯಲ್ಲಿ ಇರುವುದೇನು, ನಮಗೆ ಬೇಕಾದ್ದೇನು, ಅದು ಎಲ್ಲಿ ಸಿಗುತ್ತದೆ ಎಂದು ಸ್ವಲ್ಪ ನೋಡೋಣ ಬನ್ನಿ.

<b>ಗ್ರಂಥಿಗೆ ಬೇಕಾದ್ದೇನು?</b>

ಥೈರಾಯ್ಡ್ ಗ್ರಂಥಿ ತಯಾರಿಸುವ ಹಾರ್ಮೋನು ನಮ್ಮ ದೇಹವೆಂಬ ಒಲೆಯ ಉರಿಯನ್ನು ಹೆಚ್ಚು ಕಡಿಮೆ ಮಾಡುವ ತಿರುಗಣೆ ಇದ್ದಂತೆ. ಉರಿ ತಗ್ಗಿದರೆ ಸುಸ್ತು, ಚಳಿ, ಮಲಬದ್ಧತೆ, ಕೂದಲು ಉದುರುವುದು, ಮುಟ್ಟಿನ ಏರುಪೇರು, ಕಾರಣವಿಲ್ಲದೆ ತೂಕ ಏರುವುದು, ಮರೆವು... ಹೀಗೆ ಎಲ್ಲ ನಿಧಾನ. ಈ ಹಾರ್ಮೋನಿನ ಮುಖ್ಯ ಕಚ್ಚಾವಸ್ತು ಅಯೋಡಿನ್. ಟಿ4 ಎಂದು ರಿಪೋರ್ಟಿನಲ್ಲಿ ಇರುತ್ತದಲ್ಲ, ಆ ನಾಲ್ಕು ಎಂದರೆ ನಾಲ್ಕು ಅಯೋಡಿನ್ ಕಣ. ಟಿ3ರಲ್ಲಿ ಮೂರು. ಅಯೋಡಿನ್ ಜೊತೆಗೆ ಸೆಲೆನಿಯಂ, ಕಬ್ಬಿಣದ ಅಂಶ ಕೂಡ ಈ ಕೆಲಸಕ್ಕೆ ಒಂದಿಷ್ಟು ಬೇಕು. ‘ಥೈರಾಯ್ಡ್ ಸಪೋರ್ಟ್’ ಮಾರುವವರು ಹಿಡಿಯುವುದು ಇದೇ ಎಳೆಯನ್ನು. ಇವೆಲ್ಲ ಬೇಕಲ್ಲ, ಹಾಗಾದರೆ ಡಬ್ಬಿಯಿಂದ ತಗೊಳ್ಳಿ ಎನ್ನುತ್ತಾರೆ.

ಕೇಳುವುದಕ್ಕೆ ಸರಿಯಾಗಿಯೇ ಇದೆ. ಆದರೆ ಅಯೋಡಿನ್ ಸಾಕಷ್ಟು ಸಿಗುವ ಊರುಗಳಲ್ಲಿ ಗ್ರಂಥಿ ಸೋಮಾರಿಯಾಗುವುದಕ್ಕೆ ಕಚ್ಚಾವಸ್ತುವಿನ ಕೊರತೆ ಕಾರಣವಲ್ಲ. ಬಹುಪಾಲು ಜನರಲ್ಲಿ ದೇಹದ ರಕ್ಷಣಾ ಪಡೆಯೇ ದಾರಿ ತಪ್ಪಿ ತನ್ನದೇ ಗ್ರಂಥಿಯ ಮೇಲೆ ಯುದ್ಧ ಸಾರಿರುತ್ತದೆ. 1912ರಲ್ಲಿ ಇದನ್ನು ಮೊದಲು ವಿವರಿಸಿದ ಜಪಾನಿನ ವೈದ್ಯ ಹಕಾರು ಹಶಿಮೊಟೊ ಅವರ ಹೆಸರಿನಿಂದಲೇ ಈ ಕಾಯಿಲೆಯನ್ನು ಕರೆಯುತ್ತಾರೆ. ಗ್ರೈಂಡರಿನ ಮೋಟರ್ ಕೆಟ್ಟಿರುವಾಗ ಇನ್ನೆರಡು ಪಾವು ಅಕ್ಕಿ ಸುರಿದರೆ ದೋಸೆ ಹಿಟ್ಟು ಸಿಗುತ್ತದೆಯೇ? ಇದೂ ಹಾಗೆಯೇ. ಡಾಕ್ಟರು ಬರೆದುಕೊಡುವ ಮಾತ್ರೆ ಗ್ರೈಂಡರನ್ನು ರಿಪೇರಿ ಮಾಡುವುದಿಲ್ಲ ನಿಜ. ಅದು ರುಬ್ಬಿದ ಹಿಟ್ಟನ್ನೇ ಹೊರಗಿನಿಂದ ತಂದುಕೊಡುತ್ತದೆ. ನಮ್ಮ ದೇಹ ತಯಾರಿಸುವ ಥೈರಾಕ್ಸಿನ್ ಹಾರ್ಮೋನಿಗೂ ಆ ಮಾತ್ರೆಯಲ್ಲಿರುವುದಕ್ಕೂ ರಚನೆಯಲ್ಲಿ ವ್ಯತ್ಯಾಸವಿಲ್ಲ. ‘ಹಾರ್ಮೋನ್ ಮಾತ್ರೆ’ ಎಂಬ ಹೆಸರು ಕೇಳಿ ಬೆಚ್ಚಬೇಕಾಗಿಲ್ಲ.

<b>ಉಪ್ಪಿನ ಡಬ್ಬಿಯಲ್ಲೇ ಇದೆ ಮದ್ದು</b>

ಅಯೋಡಿನ್ ಎಷ್ಟು ಬೇಕು? ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ. ಗರ್ಭಿಣಿ ಮತ್ತು ಎದೆಹಾಲು ಕೊಡುವ ತಾಯಂದಿರಿಗೆ 250. ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು! ಎಪ್ಪತ್ತು ವರ್ಷಕ್ಕೆ ಬೇಕಾಗುವುದೆಲ್ಲ ಒಟ್ಟುಗೂಡಿಸಿದರೂ ನಾಲ್ಕು ಗ್ರಾಂ ಆಗುವುದಿಲ್ಲ. ಆದರೆ ಆ ಚಿಟಿಕೆಯೂ ಸಿಗದಿದ್ದರೆ ಏನಾಗುತ್ತದೆ ಎಂದು ನಮ್ಮ ಅಜ್ಜಿಯರ ಕಾಲದವರಿಗೆ ಚೆನ್ನಾಗಿ ಗೊತ್ತಿತ್ತು. ಚಿಕ್ಕಮಗಳೂರು, ಕೊಡಗಿನಂಥ ಮಲೆನಾಡು ಸೀಮೆಯಲ್ಲಿ ಕತ್ತಿನಲ್ಲಿ ಗಡ್ಡೆಯಂತೆ ಊದಿಕೊಂಡ ಗಳಗಂಡ ಅಪರೂಪದ ನೋಟವಾಗಿರಲಿಲ್ಲ. ಜೋರು ಮಳೆಗೆ ಮೇಲ್ಮಣ್ಣಿನಲ್ಲಿರುವ ಅಯೋಡಿನ್ ತೊಳೆದು ಹೋಗುವ ಬೆಟ್ಟಗುಡ್ಡದ ಊರುಗಳಲ್ಲಿ ಈ ತೊಂದರೆ ಹೆಚ್ಚು.

ಇದಕ್ಕೆ ಉತ್ತರ ಸಿಕ್ಕಿದ್ದು ಹಿಮಾಚಲ ಪ್ರದೇಶದ ಕಾಂಗ್ರಾ ಕಣಿವೆಯಲ್ಲಿ. ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಿಂದ ಅಲ್ಲಿನ ಕೆಲವು ಪ್ರದೇಶಗಳಿಗೆ ಅಯೋಡಿನ್ ಬೆರೆಸಿದ ಉಪ್ಪನ್ನೂ ಇನ್ನೊಂದು ಪ್ರದೇಶಕ್ಕೆ ಮಾಮೂಲಿ ಉಪ್ಪನ್ನೂ ಒದಗಿಸಿ ಕಾದು ನೋಡಿದರು. ಅಯೋಡಿನ್ ಉಪ್ಪು ತಿಂದ ಕಡೆ ಕೆಲವೇ ವರ್ಷಗಳಲ್ಲಿ ಮಕ್ಕಳ ಗಳಗಂಡ ಗಣನೀಯವಾಗಿ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಊಟಕ್ಕೆ ಬಳಸುವ ಉಪ್ಪನ್ನು ಅಯೋಡಿನ್ ಇಲ್ಲದೆ ಮಾರುವಂತಿಲ್ಲ ಎಂಬ ನಿಷೇಧ ದೇಶಾದ್ಯಂತ ಮತ್ತೆ ಜಾರಿಗೆ ಬಂದದ್ದು 2006ರ ಮೇ ತಿಂಗಳಲ್ಲಿ. ಅಂಗಡಿಯಲ್ಲಿ ನಮ್ಮ ಕೈಗೆ ಬರುವ ಹೊತ್ತಿಗೆ ಪ್ರತಿ ಗ್ರಾಂ ಉಪ್ಪಿನಲ್ಲಿ ಕನಿಷ್ಠ 15 ಮೈಕ್ರೋಗ್ರಾಂ ಅಯೋಡಿನ್ ಇರಬೇಕು ಎಂಬುದು ನಿಯಮ. 2018-19ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ನೂರಕ್ಕೆ 76 ಮನೆಗಳ ಉಪ್ಪಿನಲ್ಲಿ ಇಷ್ಟು ಅಯೋಡಿನ್ ಇತ್ತು. ಹಾಲು, ಮೊಸರು, ಮೊಟ್ಟೆ, ಮೀನು ತಿನ್ನುವವರಿಗೆ ಅವುಗಳಿಂದಲೂ ಒಂದಿಷ್ಟು ಸಿಗುತ್ತದೆ.

ಸಮಸ್ಯೆ ಈಗ ಬೇರೆ ಬಾಗಿಲಿನಿಂದ ಬರುತ್ತಿದೆ. ‘ಹೆಲ್ದಿ’ ಎಂದು ಗುಲಾಬಿ ಬಣ್ಣದ ಹಿಮಾಲಯದ ಉಪ್ಪು, ಸೈಂಧವ ಲವಣ, ಪಾಲಿಶ್ ಮಾಡದ ಸಮುದ್ರದ ಉಪ್ಪು ಎಂದೆಲ್ಲ ಅಡುಗೆಮನೆಗೆ ತರುತ್ತಿದ್ದೇವಲ್ಲ, ಬೇರೆಯಾಗಿ ಬೆರೆಸಿಲ್ಲದಿದ್ದರೆ ಇವುಗಳಲ್ಲಿ ಗಣನೆಗೆ ಬರುವಷ್ಟು ಅಯೋಡಿನ್ ಇರುವುದಿಲ್ಲ. ಸಮುದ್ರದಿಂದ ಬಂದದ್ದು, ಅದರಲ್ಲಿ ಅಯೋಡಿನ್ ಇದ್ದೇ ಇರುತ್ತದೆ ಎಂದು ಎಷ್ಟೋ ಜನ ನಂಬಿದ್ದಾರೆ. ಹಾಗಿಲ್ಲ. ನೀರು ಆವಿಯಾಗುವಾಗ ಅದು ಬಹುತೇಕ ಹೊರಟುಹೋಗುತ್ತದೆ. ಒಂದು ಕೈಯಲ್ಲಿ ಅಯೋಡಿನ್ ಉಪ್ಪು ಬಿಟ್ಟು ಇನ್ನೊಂದು ಕೈಯಲ್ಲಿ ಅಯೋಡಿನ್ ಮಾತ್ರೆ ಕೊಳ್ಳುವುದೆಂದರೆ... ಏನೆನ್ನಬೇಕು ಹೇಳಿ! ಕಲ್ಲುಪ್ಪೇ ಬೇಕೆನ್ನುವವರಿಗೆ ಅಯೋಡಿನ್ ಬೆರೆಸಿದ ಕಲ್ಲುಪ್ಪೂ ಸಿಗುತ್ತದೆ, ಪೊಟ್ಟಣ ಓದಿ ಕೊಳ್ಳಿ. ಉಪ್ಪಿನಕಾಯಿಗೆ ವರ್ಷಕ್ಕೊಮ್ಮೆ ಬಳಸುವ ಉಪ್ಪಿನ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ. ದಿನದ ಸಾರು, ಪಲ್ಯ, ಅನ್ನಕ್ಕೆ ಹಾಕುವುದು ಮುಖ್ಯ.

ಇನ್ನೊಂದು ಮಾತು. ಒಲೆಯ ಪಕ್ಕ ಮುಚ್ಚಳವಿಲ್ಲದ ಪಿಂಗಾಣಿ ಭರಣಿಯಲ್ಲಿ ಉಪ್ಪಿಡುವ ಅಭ್ಯಾಸ ನಮ್ಮಲ್ಲಿ ಬಹಳ. ಬಿಸಿ, ತೇವ, ಬೆಳಕು ಮೂರೂ ಅಯೋಡಿನ್‌ಗೆ ಆಗದ ನೆಂಟರು. ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ. ಸಾರು ಕುದಿಯುವ ಮೊದಲೇ ಹಾಕುವ ಬದಲು ಇಳಿಸುವ ಮುಂಚೆ ಉಪ್ಪು ಹಾಕಿದರೆ ಅಯೋಡಿನ್ ಹೆಚ್ಚು ಉಳಿಯುತ್ತದೆ. ಹಾಗಂತ ಅಯೋಡಿನ್ ಆಸೆಗೆ ಉಪ್ಪನ್ನೇ ಜಾಸ್ತಿ ತಿನ್ನಬೇಡಿ. ಒಬ್ಬರಿಗೆ ದಿನಕ್ಕೆ ಒಂದು ಟೀ ಚಮಚ, ಸುಮಾರು ಐದು ಗ್ರಾಂಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಿ.ಪಿ. ಇದೆ ಎಂದು ಉಪ್ಪು ತೀರಾ ಕಡಿಮೆ ಮಾಡಿರುವವರು, ಹಾಲು ಮೊಟ್ಟೆ ಯಾವುದನ್ನೂ ಮುಟ್ಟದವರು ತಮ್ಮ ಡಾಕ್ಟರಿಗೆ ಅದನ್ನು ಹೇಳಿರಲಿ.

<b>ಜಾಸ್ತಿಯಾದರೆ ಒಳ್ಳೆಯದೇ ಅಲ್ಲವೇ?</b>

ಅಲ್ಲ. ಅಯೋಡಿನ್ ವಿಚಾರದಲ್ಲಿ ‘ಅತಿಯಾದರೆ ಅಮೃತವೂ ವಿಷ’ ಎಂಬ ಗಾದೆ ಅಕ್ಷರಶಃ ನಿಜ. ಬೇಕಾದ್ದಕ್ಕಿಂತ ಬಹಳ ಹೆಚ್ಚು ಅಯೋಡಿನ್ ಬಿದ್ದರೆ ಗ್ರಂಥಿ ಕೆಲವರಲ್ಲಿ ಇನ್ನಷ್ಟು ಸೋಮಾರಿಯಾಗುತ್ತದೆ, ಕೆಲವರಲ್ಲಿ ಹುಚ್ಚುಕುದುರೆಯಂತೆ ಓಡುತ್ತದೆ. ಹಶಿಮೊಟೊ ತೊಂದರೆ ಇರುವವರಿಗೆ ಈ ಅಪಾಯ ಮತ್ತೂ ಹೆಚ್ಚು. ‘ಕೆಲ್ಪ್’ ಎಂಬ ಕಡಲಪಾಚಿಯ ಮಾತ್ರೆಗಳಲ್ಲಿ ಅಯೋಡಿನ್ ಎಷ್ಟಿದೆ ಎಂಬುದೇ ಖಾತ್ರಿಯಿಲ್ಲ. ಒಂದು ಬ್ಯಾಚಿಗೂ ಇನ್ನೊಂದಕ್ಕೂ ವ್ಯತ್ಯಾಸ. ವಯಸ್ಕರಿಗೆ ದಿನಕ್ಕೆ 1,100 ಮೈಕ್ರೋಗ್ರಾಂ ದಾಟಬಾರದು ಎಂದು ಅಮೆರಿಕದ ತಜ್ಞರು ಗಡಿ ಹಾಕಿದ್ದಾರೆ. ಕೆಲವು ಮಾತ್ರೆಗಳು ಅದನ್ನು ಒಂದೇ ಸಲಕ್ಕೆ ದಾಟಿಬಿಡುತ್ತವೆ.

ಸೆಲೆನಿಯಂ ಕತೆಯೂ ಇದೇ. ದಿನಕ್ಕೆ ಬೇಕಾಗುವುದು 55 ಮೈಕ್ರೋಗ್ರಾಂ. ಅನ್ನ, ಗೋಧಿ, ಬೇಳೆ, ಮೊಟ್ಟೆ, ಮೀನು ತಿನ್ನುವ ಮನೆಗಳಲ್ಲಿ ಇದಕ್ಕಾಗಿ ಮಾತ್ರೆಯ ಹಿಂದೆ ಬೀಳಬೇಕಾಗಿಲ್ಲ. ಹಶಿಮೊಟೊ ಇರುವವರಿಗೆ ಸೆಲೆನಿಯಂ ಕೊಟ್ಟಾಗ ರಕ್ತದಲ್ಲಿನ ಪ್ರತಿಕಾಯಗಳು ತಗ್ಗಿದ್ದನ್ನು ಕೆಲವು ಅಧ್ಯಯನಗಳು ಕಂಡಿವೆ. ಆದರೆ ಅದರಿಂದ ಸುಸ್ತು ಹೋಯಿತು, ಹಾರ್ಮೋನ್ ಮಾತ್ರೆ ಬಿಡಬಹುದಾಯಿತು ಎಂದು ಖಚಿತವಾಗಿ ಹೇಳುವಷ್ಟು ಪುರಾವೆ ಸಿಕ್ಕಿಲ್ಲ. ಹೆಚ್ಚಾದರೆ? ಕೂದಲು ಉದುರುತ್ತದೆ, ಉಗುರು ಮುರಿಯುತ್ತದೆ, ಉಸಿರಿಗೆ ಬೆಳ್ಳುಳ್ಳಿ ವಾಸನೆ ಬರುತ್ತದೆ. 2008ರಲ್ಲಿ ಅಮೆರಿಕದಲ್ಲಿ ಪೌಷ್ಟಿಕ ದ್ರಾವಣವೊಂದರಲ್ಲಿ ಲೇಬಲ್ಲಿನಲ್ಲಿ ಹೇಳಿದ್ದಕ್ಕಿಂತ 200 ಪಟ್ಟು ಸೆಲೆನಿಯಂ ಸೇರಿಹೋಗಿ ಇನ್ನೂರು ಮಂದಿ ಹೀಗೇ ಬಳಲಿದರು. ಕೂದಲು ಉಳಿಸಲು ಕೊಂಡ ಡಬ್ಬಿಯೇ ಕೂದಲು ಕಿತ್ತರೆ ಯಾರಿಗೆ ದೂರುವುದು?

<b>ಡಬ್ಬಿಯೊಳಗೆ ಏನಿರುತ್ತೆ?</b>

‘ಆದರೆ ನಮ್ಮ ಅತ್ತಿಗೆ ಅದನ್ನ ತಗೊಂಡ್ಮೇಲೆ ಟಿಎಸ್‌ಎಚ್ ನಾರ್ಮಲ್ ಆಯ್ತಲ್ಲ’ ಎನ್ನುತ್ತೀರಾ? ಆಗಿರಬಹುದು. ಟಿಎಸ್‌ಎಚ್ ಸ್ವಲ್ಪವೇ ಮೇಲಿದ್ದು ಟಿ4 ಸರಿಯಿದ್ದರೆ ಎಷ್ಟೋ ಡಾಕ್ಟರು ಮಾತ್ರೆ ಕೊಡದೆ ಎರಡು ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ ಅನ್ನುತ್ತಾರೆ. ಅಂಥವರಲ್ಲಿ ಅನೇಕರಿಗೆ ಅದು ತಾನಾಗಿಯೇ ಇಳಿದಿರುತ್ತದೆ. ನಡುವೆ ಡಬ್ಬಿ ಕೊಂಡಿದ್ದರೆ ಕೀರ್ತಿಯೆಲ್ಲ ಡಬ್ಬಿಗೆ!

ಇನ್ನೊಂದು ಸಾಧ್ಯತೆಯೂ ಇದೆ, ಅದು ಕೊಂಚ ಭಯ ಹುಟ್ಟಿಸುವಂಥದ್ದು. ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಇಂಥ ಹತ್ತು ‘ಥೈರಾಯ್ಡ್ ಸಪೋರ್ಟ್’ ಉತ್ಪನ್ನಗಳನ್ನು ಸಂಶೋಧಕರು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಹತ್ತರಲ್ಲಿ ಒಂಬತ್ತರಲ್ಲಿ ಟಿ3 ಹಾರ್ಮೋನೂ ಐದರಲ್ಲಿ ಟಿ4 ಹಾರ್ಮೋನೂ ಸಿಕ್ಕಿತು. ಅಂದರೆ ‘ನ್ಯಾಚುರಲ್’ ಎಂದು ನುಂಗುತ್ತಿದ್ದುದು ಲೆಕ್ಕವಿಲ್ಲದ ಹಾರ್ಮೋನನ್ನೇ. ಡಾಕ್ಟರು 25 ಮೈಕ್ರೋಗ್ರಾಂ ಏರಿಸಲೂ ರಕ್ತಪರೀಕ್ಷೆ ನೋಡಿ ಯೋಚಿಸುತ್ತಾರೆ. ಇಲ್ಲಿ ಯಾರು ಅಳೆದರು? ಹಾರ್ಮೋನು ಹೆಚ್ಚಾದರೆ ಎದೆ ಡವಡವ, ಕೈ ನಡುಕ, ನಿದ್ರೆಯಿಲ್ಲದಿರುವುದು, ಬಹುಕಾಲ ಹಾಗೇ ಇದ್ದರೆ ಮೂಳೆ ಸವೆತ. ಮುಟ್ಟು ನಿಲ್ಲುವ ವಯಸ್ಸಿನವರು ಈ ಕೊನೆಯದನ್ನು ವಿಶೇಷವಾಗಿ ಗಮನಿಸಬೇಕು.

ಅಶ್ವಗಂಧದ ಬಗ್ಗೆಯೂ ಒಂದು ಮಾತು. ಅದು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು ಎಂದು ಸಣ್ಣ ಪ್ರಯೋಗವೊಂದು ಹೇಳಿದೆ. ಸರಿ. ಆದರೆ ಈಗಾಗಲೇ ಥೈರಾಕ್ಸಿನ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ಅದರ ಮೇಲೆ ಇದನ್ನೂ ಸೇರಿಸಿದರೆ ಉರಿ ಮಿತಿಮೀರಬಹುದು. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಹೈಪರ್‌ಥೈರಾಯ್ಡಿಸಂ ಇರುವವರು ಮತ್ತು ಗರ್ಭಿಣಿಯರು ಇದರ ಗೊಡವೆಗೇ ಹೋಗಬಾರದು. ಆಯುರ್ವೇದ ವೈದ್ಯರ ಬಳಿಗೆ ಹೋಗುವುದಾದರೆ ನಿಮ್ಮ ರಿಪೋರ್ಟ್ ಮತ್ತು ಮಾತ್ರೆಯ ಚೀಟಿ ತೋರಿಸಿಯೇ ಕೇಳಿ.

ಅಂದಹಾಗೆ, ಮನೆಯಲ್ಲಿ ಅಂಥ ಡಬ್ಬಿ ಇದ್ದರೆ ಈಗಲೇ ತಿರುಗಿಸಿ ಸಣ್ಣಕ್ಷರ ಓದಿ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರ ಇಂಥ ಪೌಷ್ಟಿಕ ಪೂರಕಗಳ ಮೇಲೆ ‘ಔಷಧಿಯಾಗಿ ಬಳಸಲು ಅಲ್ಲ’ ಎಂಬರ್ಥದ ಇಂಗ್ಲಿಷ್ ಸಾಲು ಇರಲೇಬೇಕು. ಕಾಯಿಲೆ ವಾಸಿ ಮಾಡುತ್ತೇವೆ ಎಂದು ಹೇಳಿಕೊಳ್ಳುವಂತಿಲ್ಲ. ಮಾರುವವರ ಬಾಯಲ್ಲಿ ಬರುವುದಕ್ಕೂ ಡಬ್ಬಿಯ ಬೆನ್ನ ಮೇಲೆ ಇರುವುದಕ್ಕೂ ಎಷ್ಟು ದೂರ ನೋಡಿ.

<b>ಮಾತ್ರೆ, ಕಾಫಿ ಮತ್ತು ಗಡಿಯಾರ</b>

ಪೂರಕ ಮಾತ್ರೆಗಳೆಲ್ಲ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಕಬ್ಬಿಣದ ಅಂಶ ಕಡಿಮೆಯಾದರೆ ಥೈರಾಯ್ಡ್ ಹಾರ್ಮೋನ್ ತಯಾರಿಕೆಗೂ ಅಡ್ಡಿ. ಬಿ12, ಡಿ ವಿಟಮಿನ್ ಕೊರತೆಯೂ ನಮ್ಮಲ್ಲಿ ಸಾಮಾನ್ಯ. ಸುಸ್ತು, ಕೂದಲು ಉದುರುವುದು ಇವುಗಳಿಂದಲೂ ಬರಬಹುದು, ಪಾಪ ಥೈರಾಯ್ಡ್ ಒಂದನ್ನೇ ದೂರುತ್ತೇವೆ. ಪರೀಕ್ಷೆ ಮಾಡಿಸಿ, ಕಡಿಮೆಯಿದ್ದರೆ ಡಾಕ್ಟರು ಹೇಳಿದಷ್ಟು ದಿನ ಖಂಡಿತ ತೆಗೆದುಕೊಳ್ಳಿ. ಯಡವಟ್ಟಾಗುವುದು ಯಾವ ಹೊತ್ತಿಗೆ ನುಂಗುತ್ತೇವೆ ಎಂಬುದರಲ್ಲಿ.

ಬಹಳ ಮನೆಗಳಲ್ಲಿ ನಡೆಯುವುದು ಹೀಗೆ: ಬೆಳಿಗ್ಗೆ ಎದ್ದು, ಮಕ್ಕಳ ಡಬ್ಬಿ, ಯಜಮಾನರ ತಿಂಡಿ ಎಂಬ ಗಡಿಬಿಡಿಯ ನಡುವೆ ‘ಎಲ್ಲಾ ಒಟ್ಟಿಗೆ ಮುಗಿದುಹೋಗಲಿ’ ಎಂದು ಥೈರಾಯ್ಡ್ ಮಾತ್ರೆ, ಕ್ಯಾಲ್ಸಿಯಂ, ಐರನ್ ಮೂರನ್ನೂ ಅಂಗೈಯಲ್ಲಿಟ್ಟು ಕಾಫಿಯ ಜೊತೆ ನುಂಗಿಬಿಡುವುದು. ಇದಕ್ಕಿಂತ ಕೆಟ್ಟ ಹೊಂದಾಣಿಕೆ ಇನ್ನೊಂದಿಲ್ಲ. ಕ್ಯಾಲ್ಸಿಯಂ ಮತ್ತು ಐರನ್ ಎರಡೂ ಹೊಟ್ಟೆಯಲ್ಲಿ ಥೈರಾಕ್ಸಿನ್ನನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಕಾಫಿಯೂ ಅದರ ಹೀರಿಕೆಯನ್ನು ತಗ್ಗಿಸುತ್ತದೆ. ತಿಂಗಳಾನುಗಟ್ಟಲೆ ಮಾತ್ರೆ ತಪ್ಪದೆ ತೆಗೆದುಕೊಂಡರೂ ಟಿಎಸ್‌ಎಚ್ ಇಳಿಯುವುದಿಲ್ಲ. ಡಾಕ್ಟರು ಡೋಸ್ ಏರಿಸುತ್ತಾರೆ. ನಾವು ‘ಮಾತ್ರೆ ನಾಟುತ್ತಿಲ್ಲ’ ಎಂದು ಡಬ್ಬಿಯ ಕಡೆ ತಿರುಗುತ್ತೇವೆ. ಆ ಡಬ್ಬಿಯಲ್ಲೂ ಕ್ಯಾಲ್ಸಿಯಂ, ಐರನ್ ಇದ್ದರೆ ಕೇಳುವುದೇ ಬೇಡ!

ಹೀಗೆ ಮಾಡಿ ನೋಡಿ. ಎದ್ದ ತಕ್ಷಣ ಬರೀ ನೀರಿನಲ್ಲಿ ಥೈರಾಯ್ಡ್ ಮಾತ್ರೆ. ಮಾತ್ರೆಯ ಬಾಟಲಿಯನ್ನು ಹಾಸಿಗೆಯ ಪಕ್ಕದ ಟೇಬಲ್ಲಿನ ಮೇಲೆ ಒಂದು ಲೋಟ ನೀರಿನ ಜೊತೆ ಇಟ್ಟುಕೊಂಡರೆ ಅಡುಗೆಮನೆಗೆ ಹೋಗಿ ಡಿಕಾಕ್ಷನ್ ವಾಸನೆಗೆ ಸೋಲುವ ಮೊದಲೇ ಕೆಲಸ ಮುಗಿದಿರುತ್ತದೆ. ಕಾಫಿ, ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಿ. ಆ ಹೊತ್ತಿನಲ್ಲಿ ಬಾಗಿಲು ಸಾರಿಸಿ ರಂಗೋಲಿ, ಸ್ನಾನ, ವಾಕಿಂಗ್ ಯಾವುದಾದರೂ ಆಗುತ್ತದೆ. ಕ್ಯಾಲ್ಸಿಯಂ, ಐರನ್, ಮಲ್ಟಿವಿಟಮಿನ್ ಮಾತ್ರೆಗಳಿಗೆ ಥೈರಾಯ್ಡ್ ಮಾತ್ರೆಯಿಂದ ನಾಲ್ಕು ಗಂಟೆ ಅಂತರವಿರಲಿ. ಕ್ಯಾಲ್ಸಿಯಂ ಮಧ್ಯಾಹ್ನ ಊಟವಾದ ಮೇಲೆ, ಐರನ್ ಸಂಜೆ ಅಥವಾ ರಾತ್ರಿ ಎಂದು ಹಂಚಿಕೊಂಡರೆ ಅವೆರಡರ ಜಗಳವೂ ತಪ್ಪುತ್ತದೆ. ಐರನ್ ಜೊತೆ ಕಾಫಿ, ಟೀ ಬೇಡ. ಒಂದು ಲೋಟ ನಿಂಬೆಹಣ್ಣಿನ ಪಾನಕವಾದರೆ ಇನ್ನೂ ಒಳ್ಳೆಯದು. ಹುಳಿತೇಗಿಗೆ ತೆಗೆದುಕೊಳ್ಳುವ ಗ್ಯಾಸ್ ಮಾತ್ರೆ, ಮಲಬದ್ಧತೆಗೆ ಕುಡಿಯುವ ಇಸಬ್ಗೋಲ್ ಕೂಡ ಥೈರಾಕ್ಸಿನ್ ಹೀರಿಕೆಗೆ ಅಡ್ಡ ಬರಬಲ್ಲವು. ಡಾಕ್ಟರಿಗೆ ಹೇಳಿಡಿ.

ಬೆಳಿಗ್ಗೆ ಇದ್ಯಾವುದೂ ಆಗುವುದೇ ಇಲ್ಲ ಎನ್ನುವವರು ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ ಮಲಗುವ ಮುನ್ನ ತೆಗೆದುಕೊಳ್ಳಬಹುದೇ ಎಂದು ಡಾಕ್ಟರನ್ನು ಕೇಳಿ, ಬಹಳಷ್ಟು ಜನ ಒಪ್ಪುತ್ತಾರೆ. ಏಕಾದಶಿ, ಸಂಕಷ್ಟಿ ಎಂದು ಉಪವಾಸ ಇರುವ ದಿನ ಮಾತ್ರೆ ಬಿಡುವವರನ್ನೂ ಕಂಡಿದ್ದೇನೆ. ಹಸಿದ ಹೊಟ್ಟೆಗೇ ತೆಗೆದುಕೊಳ್ಳಬೇಕಾದ ಮಾತ್ರೆ ಇದು, ಉಪವಾಸದ ದಿನ ಇನ್ನೂ ಅನುಕೂಲ ಅಲ್ಲವೇ! ಒಂದು ದಿನ ಮರೆತರೆ ಗಾಬರಿಯಾಗಬೇಡಿ, ಈ ಹಾರ್ಮೋನು ದೇಹದಲ್ಲಿ ನಿಧಾನವಾಗಿ ಕರಗುತ್ತದೆ. ಆದರೆ ‘ಈಗ ನಾರ್ಮಲ್ ಬಂದಿದೆ’ ಎಂದು ನೀವಾಗಿಯೇ ನಿಲ್ಲಿಸಬೇಡಿ. ನಾರ್ಮಲ್ ಬಂದಿರುವುದೇ ಮಾತ್ರೆಯಿಂದ. ಡಬ್ಬಿಯನ್ನು ನಂಬಿ ಮಾತ್ರೆ ಬಿಟ್ಟರೆ ಕೊಲೆಸ್ಟರಾಲ್ ಏರುತ್ತದೆ, ಹೃದಯಕ್ಕೆ ಹೊರೆ ಬೀಳುತ್ತದೆ, ಹಳೆಯ ತೊಂದರೆಗಳೆಲ್ಲ ಒಂದೊಂದಾಗಿ ವಾಪಸ್.

<b>ಕೂದಲ ಮಾತ್ರೆಯ ಕಿತಾಪತಿ</b>

ಥೈರಾಯ್ಡ್ ಎಂದ ಮೇಲೆ ಕೂದಲು ಉದುರುವುದು ಇದ್ದದ್ದೇ. ಅದಕ್ಕಾಗಿ ಬಯೋಟಿನ್ ಮಾತ್ರೆ ನುಂಗುವವರು ಈ ಪ್ಯಾರಾ ಎರಡು ಸಲ ಓದಿ. ಬಯೋಟಿನ್ ದಿನಕ್ಕೆ ಬೇಕಾಗುವುದು 30 ಮೈಕ್ರೋಗ್ರಾಂ. ಕೂದಲಿನ ಮಾತ್ರೆಗಳಲ್ಲಿ 5,000, 10,000 ಮೈಕ್ರೋಗ್ರಾಂ ಕೂಡ ಇರುತ್ತದೆ. ಅದು ಥೈರಾಯ್ಡ್ ಗ್ರಂಥಿಗೆ ಏನೂ ಮಾಡುವುದಿಲ್ಲ. ಲ್ಯಾಬಿನ ಪರೀಕ್ಷೆಯನ್ನೇ ದಾರಿ ತಪ್ಪಿಸುತ್ತದೆ! ಎಷ್ಟೋ ಲ್ಯಾಬುಗಳು ಬಳಸುವ ಪರೀಕ್ಷಾ ವಿಧಾನದಲ್ಲೇ ಬಯೋಟಿನ್ ಒಂದು ಸಾಧನ. ರಕ್ತದಲ್ಲಿ ಅದು ತುಂಬಿಕೊಂಡಿದ್ದರೆ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆಯೂ ಟಿ3, ಟಿ4 ಹೆಚ್ಚೂ ತೋರಿಸಬಹುದು. ಡೋಸ್ ಸಾಲದೆ ಒದ್ದಾಡುತ್ತಿರುವವರ ರಿಪೋರ್ಟು ‘ಡೋಸ್ ಜಾಸ್ತಿಯಾಗಿದೆ’ ಎಂದು ಸುಳ್ಳು ಹೇಳುತ್ತದೆ, ಡಾಕ್ಟರು ಇನ್ನೂ ಇಳಿಸುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಬಯೋಟಿನ್ ನಿಲ್ಲಿಸಿ, ತೆಗೆದುಕೊಳ್ಳುತ್ತಿದ್ದ ವಿಷಯವನ್ನು ಡಾಕ್ಟರಿಗೂ ತಿಳಿಸಿ. ‘ಕೂದಲು, ಚರ್ಮ, ಉಗುರು’ ಎಂದು ಬರೆದಿರುವ ಗಮ್ಮಿ, ಪುಡಿಗಳಲ್ಲೂ ಇದು ಇರುತ್ತದೆ.

<b>ತಾಯಿಯಾಗುವವರ ಗಮನಕ್ಕೆ</b>

ಇಷ್ಟು ಹೊತ್ತು ಹೇಳಿದ್ದರಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೆ ಸುಸ್ತಿನಲ್ಲಿ ಮುಗಿಯಬಹುದು. ಬಸುರಿಯರಲ್ಲಿ ಹಾಗಲ್ಲ. ಮೊದಲ ಮೂರು ತಿಂಗಳು ಹೊಟ್ಟೆಯಲ್ಲಿರುವ ಕೂಸಿನ ಮಿದುಳು ಬೆಳೆಯುವುದು ತಾಯಿಯ ಥೈರಾಯ್ಡ್ ಹಾರ್ಮೋನನ್ನು ನಂಬಿಕೊಂಡು. ಕೂಸಿನ ಗ್ರಂಥಿ ಆಗ ಇನ್ನೂ ಕೆಲಸ ಶುರು ಮಾಡಿರುವುದಿಲ್ಲ. ಈಗಾಗಲೇ ಥೈರಾಕ್ಸಿನ್ ತೆಗೆದುಕೊಳ್ಳುತ್ತಿರುವವರಿಗೆ ಗರ್ಭ ನಿಂತಾಗ ಸಾಮಾನ್ಯವಾಗಿ ಡೋಸ್ ನೂರಕ್ಕೆ 25-30ರಷ್ಟು ಏರಿಸಬೇಕಾಗುತ್ತದೆ. ಮುಟ್ಟು ತಪ್ಪಿ ಮನೆಯಲ್ಲೇ ಪರೀಕ್ಷೆ ಮಾಡಿಕೊಂಡು ಖಾತ್ರಿಯಾದ ದಿನವೇ ಡಾಕ್ಟರಿಗೆ ಫೋನ್ ಮಾಡಿ. ಮೂರು ತಿಂಗಳಾದ ಮೇಲೆ ಹೇಳೋಣ, ದೃಷ್ಟಿಯಾದೀತು ಎಂದು ನೆಂಟರಿಂದ ಬೇಕಾದರೆ ಮುಚ್ಚಿಡಿ, ಡಾಕ್ಟರಿಂದ ಬೇಡ.

ಗರ್ಭಿಣಿಯರಿಗೆ ಐರನ್, ಕ್ಯಾಲ್ಸಿಯಂ ಎರಡೂ ಕೊಡುತ್ತಾರೆ. ಥೈರಾಯ್ಡ್ ಮಾತ್ರೆಯ ಜೊತೆ ಅವು ಡಿಕ್ಕಿ ಹೊಡೆಯುವ ಸಂಭವ ಹೆಚ್ಚಿರುವುದು ಈಗಲೇ. ಹೊತ್ತುಗಳನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ, ಅತ್ತೆಗೂ ಯಜಮಾನರಿಗೂ ಗೊತ್ತಿರಲಿ. ಕೆಲ್ಪ್, ಸೆಲೆನಿಯಂ, ಗಿಡಮೂಲಿಕೆ ಡಬ್ಬಿಗಳನ್ನು ಕೇಳದೆ ಮುಟ್ಟಲೇಬೇಡಿ.

<b>ಕೋಸು, ರಾಗಿ, ಸೋಯಾ</b>

ಇದೊಂದು ದೊಡ್ಡ ಗೋಳು. ಥೈರಾಯ್ಡ್ ಎಂದ ಕೂಡಲೇ ಎಲೆಕೋಸು, ಹೂಕೋಸು, ಮೂಲಂಗಿ ಬಿಟ್ಟು, ಕಡೆಗೆ ರಾಗಿಮುದ್ದೆಯನ್ನೂ ಬಿಟ್ಟವರಿದ್ದಾರೆ. ಇಂಥ ಪದಾರ್ಥಗಳಲ್ಲಿ ಥೈರಾಯ್ಡ್ ಕೆಲಸಕ್ಕೆ ಅಡ್ಡಿ ಮಾಡುವ ಅಂಶಗಳಿರುವುದು ನಿಜ. ಆದರೆ ಕೋಸು, ಮೂಲಂಗಿಯದು ಬೇಯಿಸಿದಾಗ ಬಹುಪಾಲು ತಗ್ಗುತ್ತದೆ. ಚೀನಾ ಮೂಲದ 88 ವರ್ಷದ ಮಹಿಳೆಯೊಬ್ಬರು ಇಂಥ ಸೊಪ್ಪು ತಿಂದು ಥೈರಾಯ್ಡ್ ಕೆಟ್ಟು ಪ್ರಜ್ಞೆ ತಪ್ಪಿದ ಪ್ರಕರಣ 2010ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದಿತ್ತು. ಅವರು ತಿಂದದ್ದು ಎಷ್ಟು ಗೊತ್ತೇ? ದಿನಕ್ಕೆ ಒಂದರಿಂದ ಒಂದೂವರೆ ಕಿಲೋ, ಅದೂ ಹಸಿಯಾಗಿ, ತಿಂಗಳುಗಟ್ಟಲೆ! ವಾರಕ್ಕೆರಡು ದಿನದ ನಮ್ಮ ಕೋಸಿನ ಪಲ್ಯಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಹಸಿ ಕೋಸಿನ ಜ್ಯೂಸನ್ನು ದಿನವೂ ಕುಡಿಯುವ ಹುಚ್ಚಿದ್ದರೆ ಮಾತ್ರ ಬಿಡಿ.

ಸಿರಿಧಾನ್ಯಗಳ ಬಗ್ಗೆ ಹೆದರಿಕೆ ಹುಟ್ಟಿದ್ದು ಆಫ್ರಿಕಾದ ಸುಡಾನ್ ಕಡೆಯ ಅಧ್ಯಯನಗಳಿಂದ. ಅಲ್ಲಿ ಅಯೋಡಿನ್ ಕೊರತೆಯ ಜೊತೆಗೆ ಸಜ್ಜೆಯೇ ಹೊತ್ತುಹೊತ್ತಿನ ಊಟವಾಗಿತ್ತು. ಅಯೋಡಿನ್ ಉಪ್ಪು ಹಾಕಿದ ಸಾರು, ಸೊಪ್ಪು, ಕಾಳು, ಮೊಸರಿನ ಜೊತೆ ಒಂದು ಹೊತ್ತು ಮುದ್ದೆ ಉಣ್ಣುವವರಿಗೆ ಆ ಭಯ ಅನ್ವಯಿಸುವುದಿಲ್ಲ. ಮೂರು ಹೊತ್ತೂ ಸಿರಿಧಾನ್ಯವೇ ಎಂಬ ಹೊಸ ವ್ರತ ಹಿಡಿದವರು ಒಂದು ಹೊತ್ತು ಅಕ್ಕಿಗೋ ಗೋಧಿಗೋ ಬಿಟ್ಟುಕೊಡಿ, ಸಾಕು. ಸೋಯಾ ತಿನ್ನಬಾರದೆಂದೇನಿಲ್ಲ. ಮಾತ್ರೆ ನುಂಗಿದ ಬೆನ್ನಿಗೇ ಸೋಯಾ ಹಾಲು ಕುಡಿಯಬಾರದು ಅಷ್ಟೆ, ಹೀರಿಕೆಗೆ ಅಡ್ಡಿ.

ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ಬರೀ ರಿಪೋರ್ಟ್ ಒಯ್ಯಬೇಡಿ. ಮನೆಯಲ್ಲಿರುವ ಮಾತ್ರೆ, ಪುಡಿ, ಗಮ್ಮಿ, ಲೇಹ್ಯಗಳ ಡಬ್ಬಿಗಳನ್ನೆಲ್ಲ ಒಂದು ತರಕಾರಿ ಬ್ಯಾಗಿಗೆ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸಾಲಾಗಿ ಇಡಿ. ಯಾವುದು ಇರಲಿ, ಯಾವುದು ಹೊರಡಲಿ, ಇರುವುದು ಯಾವ ಹೊತ್ತಿಗೆ ಎಂದು ಒಂದೊಂದಾಗಿ ಕೇಳಿ ಬರೆದುಕೊಳ್ಳಿ. ಡೋಸ್ ಬದಲಾಗಿದ್ದರೆ ಆರರಿಂದ ಎಂಟು ವಾರಕ್ಕೆ ಮತ್ತೆ ಟಿಎಸ್‌ಎಚ್ ಪರೀಕ್ಷೆ ಇರುತ್ತದೆ, ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಆ ದಿನ ಬೆಳಿಗ್ಗೆ ರಕ್ತ ಕೊಟ್ಟ ಮೇಲೆ ಮಾತ್ರೆ ತೆಗೆದುಕೊಳ್ಳಬೇಕೇ, ಮೊದಲೇ ತೆಗೆದುಕೊಳ್ಳಬೇಕೇ ಎಂದೂ ಆಗಲೇ ಕೇಳಿಬಿಡಿ.